ಇ20 ಪೆಟ್ರೋಲಿಗೆ ನನ್ನ 98ರ ಮಾರುತಿ ಒಗ್ಗಿದ್ದು ಹೀಗೆ

ಹೋದ ತಿಂಗಳು ಉಡುಪಿಯಿಂದ ಬರುವಾಗ ಆಗುಂಬೆ ಘಾಟಿ ಹತ್ತಿದೆವು. ಕಾರಿನಲ್ಲಿ ನಾಲ್ಕು ಜನ, ಹಿಂದೆ ಒಂದು ಚೀಲ ತೆಂಗಿನಕಾಯಿ. ಸೋಮೇಶ್ವರದಿಂದ ಮೇಲಿನ ಸೂರ್ಯಾಸ್ತದ ಕಟ್ಟೆಯವರೆಗೆ ಹದಿನಾಲ್ಕು ತಿರುವು. ಒಂದೇ ಒಂದು ಕಡೆ ಇಂಜಿನ್ ಮಿಸ್ ಹೊಡೆಯಲಿಲ್ಲ. ಟೆಂಪರೇಚರ್ ಮುಳ್ಳು ಅರ್ಧ ದಾಟಲಿಲ್ಲ. ಹಿಂದಿನ ಸೀಟಿನಲ್ಲಿ ನಮ್ಮ ಭಾವ ಕೂತಿದ್ದರು. ಎರಡು ವರ್ಷದ ಹಿಂದೆ ಇದೇ ಭಾವ, "ಇದನ್ನ ಗುಜರಿಗೆ ಹಾಕಿ ಒಂದು ಎಲೆಕ್ಟ್ರಿಕ್ ತಗೊಳ್ಳಪ್ಪಾ, ಸುಮ್ನೆ ದುಡ್ಡು ಸುರೀಬೇಡ" ಅಂದಿದ್ದರು. ಮೇಲೆ ಬಂದು ಟೀ ಕುಡಿಯುವಾಗ ಅವರೇ ಬಾನೆಟ್ ಎತ್ತಿಸಿ ನೋಡಿದರು. ನೋಡಿ, "ಏನ್ ಮಾಡ್ದೆ ಇದಕ್ಕೆ?" ಅಂತ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಾರ್ಬೊರೇಟರ್ ಗಾಡಿ ಇಟ್ಟುಕೊಂಡವರಿಗಾಗಿ ಬರೆಯುತ್ತಿದ್ದರೂ ಹೊಸಬರಿಗೆ ಒಂದು ಮಾತು: ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವುದು ಕಾರ್ಬೊರೇಟರ್, ಅದರೊಳಗೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಹಿತ್ತಾಳೆ ತುಂಡು ಜೆಟ್, ಪೆಟ್ರೋಲಿನ ಮಟ್ಟ ಕಾಯುವ ತೇಲುವ ಬುರುಡೆ ಫ್ಲೋಟ್.

ಗಾಡಿ 1998ರ ಮಾರುತಿ 800. ಅಪ್ಪ ಶಿವಮೊಗ್ಗದಲ್ಲಿ ಹೊಸದಾಗಿ ತಗೊಂಡದ್ದು. 796 ಸಿಸಿ, ಮೂರು ಸಿಲಿಂಡರ್, ನಾಲ್ಕು ಗೇರ್, ಎಳೆಯುವ ಚೋಕ್. ಮೀಟರ್ 2 ಲಕ್ಷ 10 ಸಾವಿರ ದಾಟಿದೆ. ಇಂಜಿನ್ ಒಂದೇ ಸಲ ಬಿಚ್ಚಿದ್ದು. 2013ರಲ್ಲಿ, 2018ರಲ್ಲಿ, 2023ರಲ್ಲಿ ಆರ್‌ಸಿ ನವೀಕರಿಸಿದ್ದೇನೆ. ಮೊದಲು ಆರುನೂರು ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. ಆಗಲೇ ಮನೆಯಲ್ಲಿ ಇದು ಬೇಕಾ ಅಂತ ಒಂದು ಮಾತು ಬಂದಿತ್ತು. ನನಗೆ ಬೇಕಿತ್ತು. ಇಷ್ಟು ಹಗುರದ ಗಾಡಿ ಈಗ ಯಾರೂ ಮಾಡುವುದಿಲ್ಲ. ಸ್ಟೇರಿಂಗ್ ಹಿಡಿದರೆ ಮುಂದಿನ ಚಕ್ರ ಕಲ್ಲಿನ ಮೇಲಿದೆಯೋ ಮಣ್ಣಿನ ಮೇಲಿದೆಯೋ ಅಂಗೈಗೆ ಗೊತ್ತಾಗುತ್ತದೆ.

2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 ಪೆಟ್ರೋಲ್ ಬಿಡುಗಡೆ ಆಯಿತು. ಅಂದರೆ ಕಬ್ಬು, ಧಾನ್ಯದಿಂದ ತೆಗೆಯುವ ಎಥೆನಾಲನ್ನು ನೂರಕ್ಕೆ ಇಪ್ಪತ್ತು ಪಾಲು ಬೆರೆಸಿದ ಪೆಟ್ರೋಲ್. ನಮ್ಮ ಕಡೆಯ ಬಂಕುಗಳಿಗೆ ಅದು ಪೂರ್ತಿ ಬರುವ ಹೊತ್ತಿಗೆ 2024ರ ಮಳೆಗಾಲ ಇರಬೇಕು. ಅಷ್ಟರಲ್ಲಿ ಗಾಡಿಗೆ ಕಾಯಿಲೆ ಶುರುವಾಗಿತ್ತು. ನಾಲ್ಕನೇ ಗೇರಿನಲ್ಲಿ 50-55ರಲ್ಲಿ ಸಮ ಹೋಗುವಾಗ ಹಿಡಿದು ಬಿಟ್ಟ ಹಾಗೆ ಜರ್ಕ್. ಆಕ್ಸಿಲರೇಟರ್ ಒಮ್ಮೆಲೇ ತುಳಿದರೆ ಕಾರ್ಬೊರೇಟರಿನ ಒಳಗಿಂದ ಪಟ್ ಅಂತ ಸದ್ದು. ಬೆಳಿಗ್ಗೆ ಚೋಕ್ ಎಳೆದರೂ ಮೂರು ನಾಲ್ಕು ಸೆಲ್ಫ್. ಹೈವೇಯಲ್ಲಿ ಲೀಟರಿಗೆ ಹದಿನೆಂಟೂವರೆ ಕಿಲೋಮೀಟರ್ ಕೊಡುತ್ತಿದ್ದದ್ದು ಹದಿನಾಲ್ಕಕ್ಕೆ ಇಳಿಯಿತು.

ಮೂರು ಗ್ಯಾರೇಜ್ ತಿರುಗಿದೆ. ಒಬ್ಬರು ಪ್ಲಗ್, ಕೇಬಲ್, ಡಿಸ್ಟ್ರಿಬ್ಯೂಟರ್ ಕ್ಯಾಪ್ ಎಲ್ಲ ಹೊಸದು ಹಾಕಿದರು. ಎರಡು ದಿನ ಚೆನ್ನಾಗಿ ಓಡಿತು, ಮೂರನೇ ದಿನ ಅದೇ ರಾಗ. ಇನ್ನೊಬ್ಬರು, "ಕಾರ್ಬೊರೇಟರ್ ಹೋಗಿದೆ ಸಾರ್, ಹೊಸದು ಹಾಕೋಣ" ಅಂದರು. ಹೊಸದು ಅಂತ ಹಾಕಿದ್ದು ಡೂಪ್ಲಿಕೇಟ್. 2,800 ರೂಪಾಯಿ ಹೋಯಿತು. ಅದರ ಥ್ರಾಟಲ್ ಕಡ್ಡಿ ಮೊದಲ ದಿನದಿಂದಲೇ ಅಲುಗಾಡುತ್ತಿತ್ತು. ಅಲ್ಲಿಂದ ಗಾಳಿ ಎಳೆದು, ಗಾಡಿ ನಿಂತಾಗ ಇಂಜಿನ್ ಓಡುವ ಸ್ಲೋ ಸ್ಪೀಡ್ ಒಂದೇ ಸಮ ಬರಲೇ ಇಲ್ಲ. ಇದನ್ನು ಎಲ್ಲರಿಗೂ ಹೇಳುತ್ತೇನೆ: ಮೂಲ ಕಾರ್ಬೊರೇಟರ್ ಎಷ್ಟೇ ಹಳೆಯದಾದರೂ ಬಿಸಾಡಬೇಡಿ. ನನ್ನದನ್ನು ಅವರ ಗುಜರಿ ಡಬ್ಬದಿಂದ ನಾನೇ ಹುಡುಕಿ ವಾಪಸ್ ತಂದೆ. ಮೂರನೆಯವರು ಗುಜರಿಯಿಂದ, ಕಾರ್ಬೊರೇಟರ್ ಇಲ್ಲದೆ ಸೆನ್ಸರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಇಂಜಿನ್ ತಂದು ಇಳಿಸೋಣ, 35,000 ಆಗುತ್ತೆ ಅಂದರು. ಕಾರ್ಬೊರೇಟರ್ ಗಾಡಿಗೆ ಇನ್ನು ಕಾಲ ಇಲ್ಲ ಅನ್ನುವುದು ಮೂವರದೂ ಒಂದೇ ಮಾತು.

ನಡುವೆ ನಾನೂ ಒಂದು ತಪ್ಪು ಮಾಡಿದೆ. ಟ್ಯಾಂಕಿಗೆ ಸುರಿಯುವ ಬಾಟಲಿ ಔಷಧಿ ನಾಲ್ಕು ತಂದು ಸುರಿದೆ. ಬಾಟಲಿಗೆ ನಾನೂರು, ಐನೂರು. ಕೂದಲೆಳೆಯಷ್ಟೂ ವ್ಯತ್ಯಾಸ ಆಗಲಿಲ್ಲ.

ಆಮೇಲೆ ಗ್ಯಾರೇಜಿಗೆ ಹೋಗುವುದನ್ನು ನಿಲ್ಲಿಸಿ ಮೊದಲು ಪೆಟ್ರೋಲನ್ನೇ ನೋಡೋಣ ಅಂತ ಕೂತೆ. ಲ್ಯಾಬಿನಲ್ಲಿ ಬಳಸುವ 100 ಮಿಲಿಯ ಗಾಜಿನ ಅಳತೆ ಜಾಡಿ ತಂದೆ. ಅದಕ್ಕೆ 20 ಮಿಲಿ ನೀರು ಹಾಕಿ, ಮೇಲೆ 80 ಮಿಲಿ ಪೆಟ್ರೋಲ್ ಹಾಕಿ, ಬಾಯಿ ಮುಚ್ಚಿ ಚೆನ್ನಾಗಿ ಕುಲುಕಿ ಇಟ್ಟೆ. ಮೊದಲು ಮಜ್ಜಿಗೆ ಹಾಗೆ ಕದಡಿತು. ಹತ್ತು ನಿಮಿಷಕ್ಕೆ ಎರಡು ಪದರ ಬೇರೆ ಆಯಿತು. ಮೇಲೆ ತಿಳಿ ಹಳದಿ ಪೆಟ್ರೋಲ್, ಕೆಳಗೆ ನೀರು. ನೀರಿನ ಗೆರೆ 20ರಲ್ಲಿ ಇಲ್ಲ, 35ರ ಮೇಲೆ ಬಂದು ನಿಂತಿದೆ! ಆ ಹದಿನೈದು ಹದಿನಾರು ಮಿಲಿ ಎಥೆನಾಲ್, ಪೆಟ್ರೋಲ್ ಬಿಟ್ಟು ನೀರಿನ ಜೊತೆ ಹೋಗಿದೆ. ಅಂದರೆ ಬಂಕಿನವರು ಹೇಳಿದಷ್ಟೇ ಹಾಕಿದ್ದಾರೆ, ಮೋಸ ಇಲ್ಲ. ಆದರೆ ನೀರು ಕಂಡರೆ ಎಥೆನಾಲ್ ಆ ಕಡೆ ಓಡುತ್ತದೆ ಅನ್ನುವುದು ಕಣ್ಣಿಗೆ ಕಂಡಿತು. ಮಲೆನಾಡಿನ ಮಳೆಗಾಲದಲ್ಲಿ ಗಾಡಿ ನಿಲ್ಲಿಸುವವರಿಗೆ ಇದೇ ದೊಡ್ಡ ವಿಷಯ.

ಎರಡನೆಯದು ಪೈಪಿನ ಪರೀಕ್ಷೆ. ಗಾಡಿಯಿಂದ ಬಿಚ್ಚಿದ ಹಳೇ ಪೆಟ್ರೋಲ್ ಪೈಪಿನ ತುಂಡು, ಅಂಗಡಿಯಿಂದ ತಂದ ಮಾಮೂಲಿ ಹೊಸ ಪೈಪಿನ ತುಂಡು, ವೈಟಾನ್ ಅನ್ನುವ ದುಬಾರಿ ರಬ್ಬರಿನ ತುಂಡು, ಮೂರನ್ನೂ ಬೇರೆ ಬೇರೆ ಬಾಟಲಿಯಲ್ಲಿ ಪೆಟ್ರೋಲಿಗೆ ಹಾಕಿಟ್ಟೆ. ಮನೆಯವಳು, "ರೀ, ಒಲೆ ಇರೋ ಮನೇಲಿ ಇದೆಲ್ಲ ಇಡಬೇಡಿ" ಅಂದಳು. ಅವಳು ಹೇಳಿದ್ದು ಸರಿ. ಹಳೇ ಕೊಟ್ಟಿಗೆಯ ಅಟ್ಟದ ಮೇಲೆ ಇಟ್ಟೆ. ನಲವತ್ತು ದಿನ ಬಿಟ್ಟು ತೆಗೆದಾಗ ಹಳೇ ತುಂಡು ಬೆರಳಿಗೆ ಕರಿ ಮೆತ್ತಿಕೊಂಡು ಬಂತು. ಬಾಟಲಿಯ ತಳದಲ್ಲಿ ಕಾಡಿಗೆಯಂಥ ಪುಡಿ. ಉಗುರಿನಲ್ಲಿ ಒತ್ತಿದರೆ ಬೆಂದ ಹಲಸಿನ ತೊಳೆ ಹಾಗೆ ಒಳಗೆ ಹೋಯಿತು. ಮಾಮೂಲಿ ಹೊಸ ತುಂಡು ಊದಿಕೊಂಡಿತ್ತು, ಹಿತ್ತಾಳೆ ನಿಪ್ಪಲ್ ಮೇಲೆ ಸಡಿಲ ಕೂತಿತು. ವೈಟಾನ್ ಮಾತ್ರ ಹಾಕಿದ ಹಾಗೇ ಇತ್ತು.

ಅವತ್ತೇ ಗಾಡಿಯ ಕೆಳಗೆ ಮಲಗಿ ಟ್ಯಾಂಕಿನಿಂದ ಕಾರ್ಬೊರೇಟರ್ ತನಕ ಪ್ರತಿ ಪೈಪ್ ನೋಡಿದೆ. ಟ್ಯಾಂಕಿನ ಹತ್ತಿರದ ಬೆಂಡಿನಲ್ಲಿ ಪೈಪ್ ಬೆವರುತ್ತಿತ್ತು. ಬಟ್ಟೆ ಒತ್ತಿದರೆ ಒದ್ದೆ. ಇನ್ನೊಂದು ತಿಂಗಳು ಬಿಟ್ಟಿದ್ದರೆ ಏನಾಗುತ್ತಿತ್ತೋ ಯೋಚಿಸಲೂ ಇಷ್ಟ ಇಲ್ಲ. ಹಳೇ ಗಾಡಿ ಇರುವವರು ಜೆಟ್ಟು, ಮೈಲೇಜು ಎಲ್ಲ ಆಮೇಲೆ ನೋಡಿ. ಮೊದಲು ಪೈಪ್ ಬದಲಿಸಿ. ವೈಟಾನ್ ಪೈಪ್ ಮೀಟರಿಗೆ ಐನೂರರ ಆಸುಪಾಸು, ಒಟ್ಟು ಮೂರೂವರೆ ಮೀಟರ್ ಹಿಡಿಯಿತು. ನಮ್ಮೂರಲ್ಲಿ ಸಿಗಲಿಲ್ಲ, ಬೆಂಗಳೂರಿನ ಜೆ.ಸಿ. ರೋಡಿನಿಂದ ತಂದೆ. ಕ್ಲಿಪ್ ಕೂಡ ಹೊಸದೇ ಹಾಕಿ. ಹಳೇ ಕ್ಲಿಪ್ಪಿಗೆ ಬಿಗಿ ಇರಲ್ಲ.

ಇಂಜಿನ್ ಆಯಿಲ್ ವಿಷಯ ಇನ್ನೂ ಕೆಟ್ಟದಾಗಿತ್ತು. ಡಿಪ್‌ಸ್ಟಿಕ್ ಎಳೆದರೆ ಆಯಿಲ್ ಮೇಲಿನ ಗೆರೆಗಿಂತ ಜಾಸ್ತಿ. ಹಾಕದ ಆಯಿಲ್ ಹೇಗೆ ಜಾಸ್ತಿ ಆಗುತ್ತೆ? ಮೂಗಿನ ಹತ್ತಿರ ಹಿಡಿದರೆ ಪೆಟ್ರೋಲ್ ವಾಸನೆ. ಇಂಜಿನ್ನಿನ ಪಕ್ಕದ ಪೆಟ್ರೋಲ್ ಪಂಪಿನ ಒಳಗಿನ ಡಯಾಫ್ರಮ್ ಅನ್ನುವ ತೆಳು ಪರದೆ ಸೀಳಿ ಪೆಟ್ರೋಲ್ ನೇರ ಆಯಿಲಿಗೆ ಇಳಿಯುತ್ತಿತ್ತು. ಹದಿನೆಂಟೂವರೆ ಹದಿನಾಲ್ಕಕ್ಕೆ ಇಳಿದದ್ದರಲ್ಲಿ ಇದರ ಪಾಲು ದೊಡ್ಡದು. ಮೂರು ಗ್ಯಾರೇಜಿನಲ್ಲಿ ಒಬ್ಬರೂ ಡಿಪ್‌ಸ್ಟಿಕ್ ಎಳೆದು ಮೂಸಿರಲಿಲ್ಲ. ಹೊಸ ಪಂಪ್ ಒಂಬೈನೂರು ಚಿಲ್ಲರೆ, ಆಯಿಲ್ ಮತ್ತು ಫಿಲ್ಟರ್ ಸಾವಿರದ ಇನ್ನೂರು.

ಆಮೇಲೆ ಟ್ಯಾಂಕ್. ಇಪ್ಪತ್ತೈದು ವರ್ಷದ ಅಂಟು ತಳದಲ್ಲಿ ಕೂತಿತ್ತು. ಎಥೆನಾಲ್ ಅದನ್ನು ಕರಗಿಸಿ ಹೊರಗೆ ತಂದಿತು. ಮೊದಲ ಮೂರು ತಿಂಗಳಲ್ಲಿ ನಾಲ್ಕು ಫಿಲ್ಟರ್ ಕಟ್ಟಿಕೊಂಡಿತು. ಐದನೆಯದನ್ನು ಹಾಕುವ ಬದಲು ಟ್ಯಾಂಕೇ ಇಳಿಸಿದೆ. ಒಳಗಿದ್ದದ್ದನ್ನು ಗಾಜಿನ ಬಾಟಲಿಗೆ ಬಸಿದಾಗ ಕೊನೆಯ ಅರ್ಧ ಲೀಟರ್ ಎರಡು ಪದರ ಇತ್ತು. ಕೆಳಗಿನದು ಮಬ್ಬು ನೀರು. ಎಲ್ಲಿಂದ ಬಂತು ಅಂತ ಎರಡು ದಿನ ಹುಡುಕಿದೆ. ಕಡೆಗೆ ನೋಡಿದರೆ ಟ್ಯಾಂಕಿನ ಮುಚ್ಚಳದ ರಬ್ಬರ್ ಒಣಗಿ ಬಿರುಕು ಬಿಟ್ಟಿದೆ. ಮಳೆ ನೀರು ಸಲೀಸಾಗಿ ಒಳಗೆ ಇಳಿದಿದೆ. ಆ ರಬ್ಬರಿಗೆ ನಲವತ್ತು ರೂಪಾಯಿ. ಅದಕ್ಕಾಗಿ ಟ್ಯಾಂಕ್ ತೊಳೆಸಿ ಒಂದು ತೂತಿಗೆ ಬೆಸುಗೆ ಹಾಕಿಸಿದ್ದು 2,200. ಈಗ ಮಳೆಗಾಲದಲ್ಲಿ ಗಾಡಿ ವಾರಗಟ್ಟಲೆ ನಿಲ್ಲುವುದಾದರೆ ಟ್ಯಾಂಕ್ ತುಂಬಿಸಿ ನಿಲ್ಲಿಸುತ್ತೇನೆ. ಒಳಗೆ ಗಾಳಿ ಕಡಿಮೆ ಇದ್ದಷ್ಟೂ ತೇವ ಕಡಿಮೆ.

ಇಷ್ಟು ಮಾಡಿದ ಮೇಲೆ ಮೈಲೇಜ್ ಹದಿನಾರಕ್ಕೆ ಬಂತು. ಜರ್ಕ್ ಮಾತ್ರ ಹೋಗಲಿಲ್ಲ. ಪ್ಲಗ್ ಬಿಚ್ಚಿದರೆ ಮೂರೂ ಸುಣ್ಣ ಬಳಿದ ಹಾಗೆ ಬೆಳ್ಳಗೆ. ಇಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ ಅಂತ ಅರ್ಥ. ಬರೀ ಪೆಟ್ರೋಲಿಗೆ ಒಂದು ಪಾಲಿಗೆ 14.7 ಪಾಲು ಗಾಳಿ ಸರಿ. ಇ20ಗೆ ಹದಿಮೂರೂವರೆ ಸಾಕು, ಅಂದರೆ ಅಷ್ಟೇ ಗಾಳಿಗೆ ಪೆಟ್ರೋಲ್ ಜಾಸ್ತಿ ಬೇಕು. ಹೊಸ ಗಾಡಿಯಲ್ಲಿ ಸೆನ್ಸರ್ ಅದನ್ನು ತಾನೇ ಸರಿ ಮಾಡಿಕೊಳ್ಳುತ್ತದೆ. ನಮ್ಮದರಲ್ಲಿ ಜೆಟ್ಟಿನ ತೂತು ಎಷ್ಟಿದೆಯೋ ಅಷ್ಟೇ. ಹಾಗಾಗಿ ತೂತು ದೊಡ್ಡದು ಮಾಡಲೇಬೇಕು. ಎಂಟು ಪರ್ಸೆಂಟ್ ಜಾಸ್ತಿ ಪೆಟ್ರೋಲ್ ಬೇಕು ಅಂದರೆ ತೂತಿನ ವ್ಯಾಸ ನಾಲ್ಕು ಪರ್ಸೆಂಟ್ ಹಿಗ್ಗಿದರೆ ಸಾಕು, ಯಾಕೆಂದರೆ ಹರಿವು ತೂತಿನ ವಿಸ್ತೀರ್ಣದ ಲೆಕ್ಕ. ಇಲ್ಲೇ ಎಲ್ಲರೂ ಎಡವುವುದು. ಎಂಟು ಬೇಕು ಅಂತ ವ್ಯಾಸವನ್ನೇ ಎಂಟು ಹಿಗ್ಗಿಸಿದರೆ ಪೆಟ್ರೋಲ್ ಹದಿನಾರು ಪರ್ಸೆಂಟ್ ಜಾಸ್ತಿ ಸುರಿಯುತ್ತದೆ.

ಜೆಟ್ ಮುಟ್ಟುತ್ತೇನೆ ಅಂತ ನಾನು ಅಂದಾಗ ಮೆಕ್ಯಾನಿಕ್ ಗೆಳೆಯರೊಬ್ಬರು, "ಸಾರ್, ಅದು ಕಂಪನಿಯವರು ಹಾಕಿದ ಲೆಕ್ಕ, ಕೈ ಹಾಕಿದ್ರೆ ಗಾಡಿ ಮುಗೀತು" ಅಂದರು. ಮೊದಲ ಸಲ ಅವರ ಮಾತೇ ನಿಜ ಆಯಿತು. ಎಸ್.ಪಿ. ರೋಡಿನಲ್ಲಿ ಸರ್ಕ್ಯೂಟ್ ಬೋರ್ಡ್ ಕೊರೆಯುವ ಸಣ್ಣ ಬಿಟ್ ಸಿಗುತ್ತವಲ್ಲ, ಅವನ್ನು ತಂದು ಕೈಯಲ್ಲೇ ತಿರುಗಿಸಿದೆ. ಒಂದು ಬಿಟ್ ಜೆಟ್ಟಿನ ಒಳಗೇ ಪಟಕ್ ಅಂತ ಮುರಿಯಿತು. ಆ ಜೆಟ್ ಹೋಯಿತು. ಇನ್ನೊಂದರಲ್ಲಿ ತೂತು ಜಾಸ್ತಿ ದೊಡ್ಡದಾಯಿತು. ಹಾಕಿ ಓಡಿಸಿದರೆ ಸೈಲೆನ್ಸರಿನಿಂದ ಕರಿ ಹೊಗೆ, ಪ್ಲಗ್ ಪೂರ್ತಿ ಕಾಡಿಗೆ, ಮೈಲೇಜ್ ಹನ್ನೆರಡು. ಆ ತೂತಿಗೆ ಬೆಸುಗೆ ತುಂಬಿ ಮತ್ತೆ ಕೊರೆದೆ. ಅದೂ ಸರಿ ಬರಲಿಲ್ಲ, ತೂತು ವಾರೆ ಆಯಿತು. ಗುಜರಿಯಿಂದ ಮೂರು ಹಳೇ ಕಾರ್ಬೊರೇಟರ್ ತಂದೆ, ಒಂದಕ್ಕೆ ಮುನ್ನೂರು. ಜೆಟ್ಟಿಗಾಗಿಯೇ.

ದಾರಿ ತೋರಿಸಿದವರು ನಮ್ಮೂರಿನ ವಾಚ್ ರಿಪೇರಿಯ ಹಿರಿಯರು. ಅಪ್ಪನ ಕಾಲದಿಂದ ಪರಿಚಯ. ಅವರ ಅಂಗಡಿಯಲ್ಲಿ ಕೂತು ಬಿಟ್ ಮುರಿದ ಕಥೆ ಹೇಳಿದೆ. ಅವರು ಡ್ರಾಯರ್ ಎಳೆದು ಒಂದು ಮರದ ಡಬ್ಬಿ ತೆಗೆದರು. ಒಳಗೆ ಸೂಜಿಯಂಥ ಐದು ಮೂಲೆಯ ಕಡ್ಡಿಗಳು, ತುದಿ ಸಣ್ಣ, ಹೋಗ್ತಾ ದಪ್ಪ. ಬ್ರೋಚ್ ಅನ್ನುತ್ತಾರೆ. ಗಡಿಯಾರದ ಹಿತ್ತಾಳೆ ತಟ್ಟೆಯ ತೂತು ಹಿಗ್ಗಿಸಲು ಇಟ್ಟದ್ದು. "ಒತ್ತಬೇಡ ಮಗಾ, ಅದರ ಭಾರಕ್ಕೇ ತಿರುಗಲಿ" ಅಂದರು. ಜೆಟ್ ಹಿತ್ತಾಳೆಯದ್ದೇ ಅಲ್ವಾ, ಬೆಣ್ಣೆ ಹಾಗೆ ಬಂತು. ಹೆಬ್ಬೆರಳು ತೋರುಬೆರಳ ನಡುವೆ ಕಡ್ಡಿ ಹಿಡಿದು ನಾಲ್ಕು ಸುತ್ತು, ಜೆಟ್ ತಿರುಗಿಸಿ ಆ ಕಡೆಯಿಂದ ನಾಲ್ಕು ಸುತ್ತು. ಒಂದೇ ಕಡೆಯಿಂದ ಹೋದರೆ ತೂತು ಆಲಿಕೆ ಆಕಾರ ಆಗುತ್ತದೆ. ಪ್ರತಿ ಸಲ ಊದಿ, ಬೆಳಕಿಗೆ ಹಿಡಿದು ನೋಡಬೇಕು. ಬಂಗಾರದ ಬಣ್ಣದ ಧೂಳು ಅಂಗೈ ಮೇಲೆ ಬೀಳುವುದು ಕಾಣುತ್ತದೆ.

ಎಷ್ಟು ಹಿಗ್ಗಿತು ಅಂತ ಅಳೆಯುವುದು ಹೇಗೆ? ಅಷ್ಟು ಸಣ್ಣ ತೂತಿಗೆ ಗೇಜ್ ನನ್ನ ಹತ್ತಿರ ಇಲ್ಲ. ನೀರಿನಿಂದ ಅಳೆದೆ. ಬಾಟಲಿಯ ತಳ ಕೊಯ್ದು ತಲೆಕೆಳಗೆ ಕಟ್ಟಿ, ಒಂದು ಅಡಿ ಪೈಪ್ ಇಳಿಬಿಟ್ಟು, ತುದಿಗೆ ಜೆಟ್ ಸಿಕ್ಕಿಸಿದೆ. ಮೇಲೆ ಗೆರೆ ಎಳೆದು, ನೀರು ಆ ಗೆರೆಗಿಂತ ಇಳಿಯದ ಹಾಗೆ ಮಗಳು ಲೋಟದಲ್ಲಿ ಸುರಿಯುತ್ತಾ ಇದ್ದಳು. ಕೆಳಗೆ ಅದೇ ಅಳತೆ ಜಾಡಿ. ಮೂಲ ಜೆಟ್ಟಿನಲ್ಲಿ 100 ಮಿಲಿ ತುಂಬಲು 78 ಸೆಕೆಂಡ್. ಮೂರು ಸಲ ಮಾಡಿದರೂ 77, 78, 78. ನಾನು ಕೆಡಿಸಿದ ಕರಿ ಹೊಗೆಯ ಜೆಟ್ಟಿನಲ್ಲಿ 64. ಎಂಟು ಪರ್ಸೆಂಟ್ ಲೆಕ್ಕದಲ್ಲಿ ನನಗೆ ಬೇಕಾದ್ದು 72. ಬ್ರೋಚಿನಲ್ಲಿ ನಾಲ್ಕು ಸುತ್ತು, ನೀರು, ಮತ್ತೆ ಎರಡು ಸುತ್ತು, ನೀರು. 75, 74, 73. ಕೊನೆಗೆ 72 ಬಂದಾಗ ರಾತ್ರಿ ಹನ್ನೊಂದೂವರೆ. ಮಗಳು ಇನ್ನೂ ಲೋಟ ಹಿಡಿದೇ ನಿಂತಿದ್ದಳು. ಅವಳಿಗೆ ಮಾರನೇ ದಿನ ಐಸ್‌ಕ್ರೀಮ್ ಕೊಡಿಸಿದೆ.

ಈ ಕಾರ್ಬೊರೇಟರಿಗೆ ಬ್ಯಾರೆಲ್ ಅನ್ನುವ ಎರಡು ಗಂಟಲು, ಇದು ಮೊದಲ ಬ್ಯಾರೆಲ್ಲಿನ ಮೇನ್ ಜೆಟ್. ಎರಡನೇ ಬ್ಯಾರೆಲ್ಲಿನದನ್ನೂ ಮಾಡಬೇಕು. ನಾನು ಮೊದಲು ಅದನ್ನು ಬಿಟ್ಟಿದ್ದೆ. ಊರೊಳಗೆ ಗಾಡಿ ಬೆಣ್ಣೆ, ಘಾಟಿಯಲ್ಲಿ ಪೂರ್ತಿ ತುಳಿದರೆ ಹಳೇ ಮಿಸ್ಸಿಂಗ್. ಅದೇ ಎಂಟು ಪರ್ಸೆಂಟ್ ಲೆಕ್ಕದಲ್ಲಿ ಅದನ್ನೂ ಹಿಗ್ಗಿಸಿದ ಮೇಲೆ ಸರಿ ಹೋಯಿತು. ಸ್ಲೋ ಸ್ಪೀಡಿಗೆ ಪೆಟ್ರೋಲ್ ಕೊಡುವ ಸ್ಲೋ ಜೆಟ್ ಮಾತ್ರ ಮುಟ್ಟಬೇಡಿ. ಅದಕ್ಕೆ ಹದ ಮಾಡುವ ಮಿಕ್ಸ್ಚರ್ ಸ್ಕ್ರೂ ಸಾಕು. ಸ್ಕ್ರೂ ಎಷ್ಟು ಸುತ್ತಿನಲ್ಲಿ ಇಟ್ಟಿದ್ದೇನೆ, ಒಮ್ಮೆಲೇ ತುಳಿದಾಗ ಪೆಟ್ರೋಲ್ ಚಿಮ್ಮಿಸುವ ಆಕ್ಸಿಲರೇಟರ್ ಪಂಪಿನ ಕಡ್ಡಿ ಎಷ್ಟು ಬಗ್ಗಿಸಿದ್ದೇನೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಅದಕ್ಕೆ ನನ್ನ ಐದು ಭಾನುವಾರ ಹೋಗಿದೆ, ಅದು ನನ್ನ ಹತ್ತಿರವೇ ಇರಲಿ. ಪಟ್ ಅನ್ನುವ ಸದ್ದು ಪೂರ್ತಿ ನಿಂತದ್ದು ಆ ಕಡ್ಡಿಯಿಂದ ಅಂತಷ್ಟೇ ಹೇಳುತ್ತೇನೆ. ಫ್ಲೋಟ್ ಮಟ್ಟವನ್ನೂ ನೋಡಿ. ಕಾರ್ಬೊರೇಟರಿನ ಮುಖದ ಸಣ್ಣ ಗಾಜಿನ ಕಿಟಕಿಯಲ್ಲಿ ಪೆಟ್ರೋಲ್ ಗುಂಡು ಗುರುತಿನ ನಡುವೆ ನಿಲ್ಲಬೇಕು. ನನ್ನದರಲ್ಲಿ ಗಾಜು ಎಷ್ಟು ಕೊಳೆ ಆಗಿತ್ತು ಅಂದರೆ ಅಲ್ಲಿ ಕಿಟಕಿ ಇದೆ ಅಂತಲೇ ಒಬ್ಬ ಹುಡುಗ ಮೆಕ್ಯಾನಿಕ್‌ಗೆ ಗೊತ್ತಿರಲಿಲ್ಲ.

ಸೆಟ್ಟಿಂಗ್ ಸರಿ ಇದೆಯಾ ಅಂತ ತಿಳಿಯಲು ಎಮಿಷನ್ ಟೆಸ್ಟ್ ಮಾಡುವವರ ಸ್ನೇಹ ಮಾಡಿಕೊಂಡೆ. ಇದು ಯಾರಿಗೂ ಹೊಳೆಯದ ಉಪಾಯ ಅಂತ ನನ್ನ ಹೆಮ್ಮೆ. ಅವರ ಮಷಿನ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಷ್ಟು ಪರ್ಸೆಂಟ್ ಇದೆ ಅಂತ ತೋರಿಸುತ್ತದೆ. ನಮ್ಮಂಥ ಹಳೇ ಗಾಡಿಗೆ 3ರ ಒಳಗೆ ಇರಬೇಕು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು ಹೋಗಿ, ನೂರು ರೂಪಾಯಿ ಮೇಲೆ ಕೊಟ್ಟು, ಅರ್ಧ ಗಂಟೆ ಕೊಳವೆ ಸಿಕ್ಕಿಸಿ ಇಟ್ಟುಕೊಳ್ಳುತ್ತಿದ್ದೆ. ಸ್ಲೋದಲ್ಲಿ ಬರುವ ನಂಬರ್ ಮಿಕ್ಸ್ಚರ್ ಸ್ಕ್ರೂವಿನದ್ದು ಮಾತ್ರ. ಮೇನ್ ಜೆಟ್ ನೋಡಬೇಕಾದರೆ ಆಕ್ಸಿಲರೇಟರ್ ಹಿಡಿದು ಇಂಜಿನ್ ಏರಿಸಿ ನೋಡಬೇಕು. ಶುರುವಿನಲ್ಲಿ ಏರಿಸಿದಾಗ 0.3 ತೋರಿಸುತ್ತಿತ್ತು. ಕೆಟ್ಟ ಜೆಟ್ಟಿನಲ್ಲಿ 5ರ ಮೇಲೆ. ಈಗ 1ರ ಹತ್ತಿರ, ಸ್ಲೋದಲ್ಲಿ 1.2. ಆಮೇಲೆ ಗಾಜನೂರಿನ ಆಚೆ ಖಾಲಿ ರಸ್ತೆಯಲ್ಲಿ 65ರಲ್ಲಿ ಐದು ಕಿಲೋಮೀಟರ್ ಸಮ ಓಡಿಸಿ, ಕ್ಲಚ್ ಒತ್ತಿ ಇಂಜಿನ್ ಆರಿಸಿ, ಪಕ್ಕಕ್ಕೆ ನಿಲ್ಲಿಸಿ ಪ್ಲಗ್ ಬಿಚ್ಚಿದೆ. ಹೀಗೆ ಮಾಡುವವರು ಕೀಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಬೇಡಿ, ಸ್ಟೇರಿಂಗ್ ಲಾಕ್ ಆದೀತು. ಮೂರೂ ಪ್ಲಗ್ ಕಾಫಿ ಪುಡಿ ಬಣ್ಣ. ರಸ್ತೆ ಬದಿಯಲ್ಲಿ ಬಿಸಿ ಪ್ಲಗ್ ಬಟ್ಟೆಯಲ್ಲಿ ಹಿಡಿದು ನಿಂತಾಗ ಆದ ಖುಷಿ ಹೊಸ ಗಾಡಿಯ ಕೀ ಕೈಗೆ ಬಂದಾಗಲೂ ಆಗಿರಲಿಲ್ಲ.

ಪ್ಲಗ್ಗಿನಲ್ಲಿ ಕಿಡಿ ಹಾರುವ ಟೈಮಿಂಗ್ ಕೂಡ ಸ್ವಲ್ಪ ಮುಂದಕ್ಕೆ ತಂದೆ. ಇ20ರ ಆಕ್ಟೇನ್ ಜಾಸ್ತಿ, ಪೆಟ್ರೋಲ್ ಅಡ್ಡಾದಿಡ್ಡಿ ಸಿಡಿದು ಇಂಜಿನ್ ಬೇಗ ನಾಕಿಂಗ್ ಆಗುವುದಿಲ್ಲ. ಡಿಸ್ಟ್ರಿಬ್ಯೂಟರ್ ಕೂದಲೆಳೆಯಷ್ಟು ತಿರುಗಿಸುವುದು, ಆಗುಂಬೆ ಹತ್ತಿ ಕಿವಿಗೊಡುವುದು, ಮತ್ತೆ ತಿರುಗಿಸುವುದು. ಮೂರು ಸಲ ಘಾಟಿ ಹತ್ತಿಳಿದೆ. ಟಿಣ್ ಟಿಣ್ ಅಂತ ಕೇಳಿದ ಜಾಗದಿಂದ ಸ್ವಲ್ಪ ಹಿಂದೆ ತಂದು ಬಿಗಿ ಮಾಡಿದೆ. ಕಳೆದುಕೊಂಡ ಪಿಕಪ್ ವಾಪಸ್ ಬಂದದ್ದು ಇಲ್ಲಿ. ಎರಡನೇ ಗೇರಿನಲ್ಲಿ ತಿರುವಿನಿಂದ ಹೊರಬರುವಾಗ ಈಗ ಎಳೆಯುವ ರೀತಿ ಮೊದಲಿಗಿಂತ ಚೆನ್ನಾಗಿದೆ.

ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ಮೇ ತಿಂಗಳಲ್ಲಿ ಬೆಂಗಳೂರಿಗೆ ಹೋಗುವಾಗ ನೆಲಮಂಗಲ ಟೋಲಿನ ಸಾಲಿನಲ್ಲಿ ಗಾಡಿ ನಿಂತಿತು. ಮಧ್ಯಾಹ್ನ ಎರಡು ಗಂಟೆ. ಸೆಲ್ಫ್ ಹೊಡೆದರೆ ತಿರುಗುತ್ತದೆ, ಹತ್ತುವುದಿಲ್ಲ. ಹಿಂದಿನಿಂದ ಹಾರ್ನ್ ಮೇಲೆ ಹಾರ್ನ್. ತಳ್ಳಿ ಬದಿಗೆ ಹಾಕಿದೆ. ಕಾರ್ಬೊರೇಟರಿನ ಕಿಟಕಿ ನೋಡಿದರೆ ಖಾಲಿ. ಬಿಸಿಗೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಪಂಪ್ ಗಾಳಿ ತಳ್ಳುತ್ತಿತ್ತು. ಎಥೆನಾಲ್ ಬೆರೆತ ಪೆಟ್ರೋಲ್ ಬೇಗ ಆವಿಯಾಗುತ್ತದೆ. ಟವೆಲ್ ಒದ್ದೆ ಮಾಡಿ ಪಂಪಿಗೆ ಸುತ್ತಿ ಹತ್ತು ನಿಮಿಷ ಕಾದೆ, ಹೊರಟಿತು. ಊರಿಗೆ ಬಂದು ಪಂಪ್ ಮತ್ತು ಇಂಜಿನ್ ಬಿಸಿಯ ನಡುವೆ ಅಲ್ಯೂಮಿನಿಯಂ ತಗಡು ಕೂರಿಸಿದೆ, ಪೈಪಿಗೆ ಬಿಸಿ ತಡೆಯುವ ಬಟ್ಟೆ ಸುತ್ತಿದೆ, ಮಿಕ್ಕ ಪೆಟ್ರೋಲ್ ಟ್ಯಾಂಕಿಗೆ ಮರಳುವ ರಿಟರ್ನ್ ಪೈಪ್ ಹೋಗುವ ದಾರಿ ಬದಲಿಸಿದೆ. ಆ ದಾರಿಯೂ ನನ್ನ ಗುಟ್ಟು. ಆಮೇಲೆ ಬಿಸಿಲಿನಲ್ಲೂ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಓಡಿಸಿದ್ದೇನೆ, ಒಮ್ಮೆಯೂ ನಿಂತಿಲ್ಲ.

ಇದರ ಜೊತೆ ಬೇರೆ ಬೇರೆ ಪ್ರಯೋಗಗಳೂ ನಡೆದವು. ಮುಂದಿನ ಗ್ರಿಲ್ಲಿನಿಂದ ಏರ್ ಫಿಲ್ಟರಿಗೆ ಪೈಪ್ ಎಳೆದು ತಣ್ಣನೆ ಗಾಳಿ ಕೊಟ್ಟೆ. ಬೇಸಿಗೆಯಲ್ಲಿ ಚೆನ್ನಾಗಿತ್ತು. ಜುಲೈನಲ್ಲಿ ಬೆಳಿಗ್ಗೆ ಆರಕ್ಕೆ ತೀರ್ಥಹಳ್ಳಿಗೆ ಹೊರಟರೆ ಮಂಡಗದ್ದೆ ತನಕ ಚೋಕ್ ಒಳಗೆ ತಳ್ಳಲು ಬಿಡುತ್ತಿರಲಿಲ್ಲ. ಎಥೆನಾಲ್ ಆವಿಯಾಗುವಾಗ ತಾನೇ ತಂಪು ಮಾಡುತ್ತದೆ, ಮೇಲಿಂದ ತಣ್ಣನೆ ಗಾಳಿ ಬೇರೆ. ಕಿತ್ತು ಹಾಕಿದೆ. ಟೈರಿಗೆ ಎರಡು ಪಾಯಿಂಟ್ ಗಾಳಿ ಜಾಸ್ತಿ ಇಟ್ಟು ನೋಡಿದೆ. ಅರ್ಧ ಕಿಲೋಮೀಟರಿನಷ್ಟು ಮೈಲೇಜ್ ಸಿಕ್ಕಿತು, ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆ ಅನ್ನಿಸಿತು. ಮಳೆಗಾಲಕ್ಕೆ ಮಾಮೂಲಿ ಗಾಳಿಯೇ ಸರಿ. ದಪ್ಪ ಟೈರ್ ಹಾಕಿಸುವವರನ್ನು ಕಂಡರೆ ನನಗೆ ಬೇಸರ. 145 ಮಿಲಿಮೀಟರ್ ಅಗಲದ ಸಣ್ಣ ಟೈರು ನೀರನ್ನು ಸೀಳಿಕೊಂಡು ಹೋಗುತ್ತದೆ, ಸ್ಟೇರಿಂಗ್ ಹಗುರ ಇರುತ್ತದೆ, ಈ ಗಾಡಿಗೆ ಅದೇ ಚೆಂದ.

ಓಡಿಸುವ ರೀತಿಯಲ್ಲೂ ಮೈಲೇಜ್ ಇದೆ. ಘಾಟಿ ಇಳಿಯುವಾಗ ಎರಡನೇ ಗೇರ್, ಬ್ರೇಕ್ ಬರೀ ತಿರುವಿಗೆ. ಎಷ್ಟೋ ಜನ ನ್ಯೂಟ್ರಲ್ ಮಾಡಿ ಇಳಿಯುತ್ತಾರೆ, ಪೆಟ್ರೋಲ್ ಉಳಿಯುತ್ತೆ ಅಂತ. ಸೋಮೇಶ್ವರದ ಹತ್ತಿರ ಸುಟ್ಟ ಬ್ರೇಕಿನ ವಾಸನೆ ಬರುವುದು ಅಂಥವರಿಂದಲೇ. ಹತ್ತುವ ಗಾಡಿಗೆ ದಾರಿ ಬಿಡುವ ಪದ್ಧತಿ ಈಗ ಯಾರಿಗೂ ನೆನಪಿಲ್ಲ. ಹೈಬೀಮ್ ಇಳಿಸದೆ ಬರುವವರ ಬಗ್ಗೆ ನನಗೆ ನಿಜವಾಗಿ ಸಿಟ್ಟಿದೆ. ನಮ್ಮ ಗಾಡಿ ತಗ್ಗು, ಅವರ ಎತ್ತರದ ಗಾಡಿಯ ಲೈಟು ನೇರ ಕಣ್ಣಿಗೆ. ಒಂದು ಬೆರಳಿನ ಕೆಲಸ ಅದು.

ಈಗ ಲೆಕ್ಕ. ಒಂದೇ ಬಂಕಿನಲ್ಲಿ ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ ಅಳೆದರೆ ಹೈವೇಯಲ್ಲಿ ಹದಿನೇಳು, ಒಮ್ಮೊಮ್ಮೆ ಹದಿನೇಳೂವರೆ. ಹಳೇ ಹದಿನೆಂಟೂವರೆ ಬರುವುದಿಲ್ಲ. ಎಥೆನಾಲಿನಲ್ಲಿ ಪೆಟ್ರೋಲಿನಷ್ಟು ಕಸುವಿಲ್ಲ, ಆ ಒಂದೂವರೆ ಕಿಲೋಮೀಟರ್ ಅದರ ಪಾಲಿಗೆ ಬಿಡಲೇಬೇಕು. ಉಳಿದ ಮೂರು ಕಿಲೋಮೀಟರ್ ತಿಂದದ್ದು ಸೀಳಿದ ಡಯಾಫ್ರಮ್, ಬೆವರುವ ಪೈಪ್, ಮುಚ್ಚಳದ ರಬ್ಬರ್, ಸಣ್ಣ ಜೆಟ್. ಎಲ್ಲವನ್ನೂ ಪೆಟ್ರೋಲಿನ ತಲೆಗೆ ಕಟ್ಟಿ ಗಾಡಿ ಮಾರಿದವರು ನನಗೆ ಗೊತ್ತಿರುವಂತೆಯೇ ನಾಲ್ಕು ಜನ ಇದ್ದಾರೆ. ಮಂಡ್ಯ, ಬೆಳಗಾವಿ ಕಡೆಯ ಕಬ್ಬು ಬೆಳೆಯುವ ಗೆಳೆಯರು ಎಥೆನಾಲ್ ಬಂದ ಮೇಲೆ ಫ್ಯಾಕ್ಟರಿ ಬಾಕಿಯ ಬಗ್ಗೆ ಸ್ವಲ್ಪ ನಿರಾಳವಾಗಿ ಮಾತಾಡುತ್ತಾರೆ. ಅದನ್ನು ಬೈಯಲು ನನಗೆ ಮನಸ್ಸಿಲ್ಲ.

ದುಡ್ಡು ಒಟ್ಟು ಹದಿನೈದು ಸಾವಿರ ಮುಟ್ಟಿರಬೇಕು. ಅದರಲ್ಲಿ ಡೂಪ್ಲಿಕೇಟ್ ಕಾರ್ಬೊರೇಟರ್, ಬಾಟಲಿ ಔಷಧಿ, ಬೇಡದ ಪ್ಲಗ್ ಕೇಬಲ್, ಮುರಿದ ಬಿಟ್ ಎಲ್ಲ ಸೇರಿ ಆರು ಆರೂವರೆ ಸಾವಿರ ದಂಡ. ಇವತ್ತು ಬರೀ ಬೇಕಾದ್ದನ್ನಷ್ಟೇ ಮಾಡಿದರೆ ಎಂಟು ಒಂಬತ್ತು ಸಾವಿರದಲ್ಲಿ ಮುಗಿಯುತ್ತದೆ. ಇಂಜಿನ್ ಬದಲಿಸಿ ಅಂದವರ 35,000ಕ್ಕೆ ಹೋಲಿಸಿ ನೋಡಿ. ಜೆಟ್ ಮುಟ್ಟಬೇಡಿ ಅಂದ ಮೆಕ್ಯಾನಿಕ್ ಗೆಳೆಯರು ಈಗ ತಾವೇ ಒಂದು ಬ್ರೋಚ್ ಸೆಟ್ ತರಿಸಿದ್ದಾರೆ.

ಬರುವ ಭಾನುವಾರ ತೀರ್ಥಹಳ್ಳಿಯಿಂದ ಒಂದು ಓಮ್ನಿ ಬರುತ್ತಿದೆ. ಇದೇ 796 ಸಿಸಿ ಇಂಜಿನ್, ಅವರದ್ದೂ ಅದೇ ಜರ್ಕ್, ಅದೇ ಪಟ್ ಸದ್ದು. ಫೋನಿನಲ್ಲಿ ಅವರಿಗೆ ಎರಡು ಮಾತು ಹೇಳಿದ್ದೇನೆ. ಟ್ಯಾಂಕಿನ ಮುಚ್ಚಳ ತಿರುಗಿಸಿ ರಬ್ಬರ್ ನೋಡಿ, ಡಿಪ್‌ಸ್ಟಿಕ್ ಎಳೆದು ಮೂಸಿ. ಅರ್ಧ ಗಂಟೆ ಬಿಟ್ಟು ಅವರೇ ಫೋನ್ ಮಾಡಿದರು. "ಅಣ್ಣಾ, ಪೆಟ್ರೋಲ್ ವಾಸನೆ ಬರ್ತಿದೆ" ಅಂದರು. ಗಾಡಿ ಸ್ಟಾರ್ಟ್ ಮಾಡಬೇಡಿ, ಪಂಪ್ ತಗೊಂಡು ನಾನೇ ಬರ್ತೀನಿ ಅಂದೆ.